ತೂತು ಚಿಕ್ಕದು, ಆಪರೇಷನ್ ದೊಡ್ಡದು: ಕಿಡ್ನಿ ಕೊಟ್ಟವರ ಎಪ್ಪತ್ತು ವರ್ಷದ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ನಾನು ಮಾತಾಡ್ತಿರೋದು ಮೈಸೂರಿನ ಹೂಟಗಳ್ಳಿಯಿಂದ.

ಹೂಟಗಳ್ಳಿ ಗೊತ್ತಿಲ್ಲದವರಿಗೆ ಎರಡೇ ಮಾತು. ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಕೆಆರ್‌ಎಸ್ ರಸ್ತೆ, ನಡುವೆ ಕೈಗಾರಿಕಾ ಪ್ರದೇಶ ಮತ್ತು ಕೆಎಚ್‌ಬಿ ಕಾಲೊನಿ. ಲಾರಿಗಳಿಗೆ ಆಕ್ಸಲ್ ಮಾಡೋ ಫ್ಯಾಕ್ಟರಿಯೂ ಇಲ್ಲೇ, ಇನ್ಫೊಸಿಸ್ ಕ್ಯಾಂಪಸ್ಸಿನ ವಿಳಾಸದಲ್ಲಿ ಇರೋದೂ ಇದೇ ಹೆಸರು. ಮೊದಲು ಗ್ರಾಮ ಪಂಚಾಯಿತಿ, ಆಮೇಲೆ ನಗರಸಭೆ ಆಯ್ತು. ಇಂಥ ಊರಲ್ಲಿ ಯಾರದ್ದಾದರೂ ಕಿಡ್ನಿ ಕೈಕೊಟ್ಟರೆ ಸುದ್ದಿ ಒಂದು ಶಿಫ್ಟ್ ಮುಗಿಯೋದರೊಳಗೆ ಎಲ್ಲರಿಗೂ ಗೊತ್ತಾಗಿರುತ್ತೆ. ಆಮೇಲೆ ಟೀ ಅಂಗಡಿ ಮುಂದೆ ನಾನು ಎಷ್ಟೋ ಸಲ ಕೇಳಿರೋ ಮಾತು ಇದು: ‘ಅವರ ಮನೆಯವರೇ ಕೊಡ್ತಾರಂತೆ. ಈಗೇನ್ ಬಿಡಿ, ಮೂರು ತೂತು ಹಾಕಿ ತೆಗೀತಾರೆ, ನಾಲ್ಕು ದಿನಕ್ಕೆ ಮನೆಗೆ.’

ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಇವತ್ತಿನ ಸಂಚಿಕೆ ಆ ಮೂರು ತೂತಿನ ಚರಿತ್ರೆ. ಕಿಡ್ನಿ ತಗೊಂಡವರ ಕಥೆ ಬೇಕಾದಷ್ಟು ಕೇಳಿದ್ದೀವಿ. ಇವತ್ತು ಕೊಟ್ಟವರದ್ದು.

ರೊನಾಲ್ಡ್ ಕೇಳಿದ ಪ್ರಶ್ನೆ

1954ರ ಡಿಸೆಂಬರ್ 23, ಅಮೆರಿಕದ ಬಾಸ್ಟನ್, ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆ. ರಿಚರ್ಡ್ ಹೆರಿಕ್ ಅನ್ನೋ 23 ವರ್ಷದ ಯುವಕನ ಎರಡೂ ಕಿಡ್ನಿ ಹೋಗಿದ್ದವು. ಅವನಿಗೊಬ್ಬ ಅವಳಿ, ರೊನಾಲ್ಡ್. ಅಚ್ಚುಹಾಕಿದಂಥ ಅವಳಿ ಆಗಿದ್ದರಿಂದ ಒಬ್ಬನ ಅಂಗವನ್ನ ಇನ್ನೊಬ್ಬನ ಮೈ ತಿರಸ್ಕರಿಸಲ್ಲ ಅನ್ನೋದು ಡಾಕ್ಟರ್‌ಗಳ ಲೆಕ್ಕ. ಹಾರ್ಟ್‌ವೆಲ್ ಹ್ಯಾರಿಸನ್ ರೊನಾಲ್ಡ್‌ನ ಕಿಡ್ನಿ ತೆಗೆದರು, ಜೋಸೆಫ್ ಮರ್ರೆ ಅದನ್ನ ರಿಚರ್ಡ್‌ಗೆ ಕೂರಿಸಿದರು. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಅದು. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು.

ಶಾಲೆಯ ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತೆ. ಆಪರೇಷನ್‌ಗೆ ಮುಂಚೆ ನಡೆದದ್ದು ನಮಗೆ ಮುಖ್ಯ. ಡಾಕ್ಟರ್‌ಗಳಿಗೆ ನಿದ್ದೆ ಕೆಡಿಸಿದ್ದ ವಿಚಾರ ಒಂದಿತ್ತು: ರೊನಾಲ್ಡ್‌ಗೆ ಯಾವ ಕಾಯಿಲೆಯೂ ಇಲ್ಲ. ವೈದ್ಯಕೀಯದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಕತ್ತಿ ಹಾಕಿದ್ದು ಕಾಯಿಲೆ ಇದ್ದವರ ಮೈಗೆ, ಅವರ ಒಳ್ಳೇದಕ್ಕೆ. ಇಲ್ಲಿ ಗಟ್ಟಿಮುಟ್ಟಾದ ಒಬ್ಬನನ್ನ, ಅವನ ಮೈಗೆ ಏನೂ ಲಾಭ ಇಲ್ಲದ ದೊಡ್ಡ ಆಪರೇಷನ್‌ಗೆ ಮಲಗಿಸಬೇಕು. ಪಾದ್ರಿಗಳನ್ನ ಕೇಳಿದರು, ವಕೀಲರನ್ನ ಕೇಳಿದರು.

ಆಗ ರೊನಾಲ್ಡ್ ಒಂದು ಪ್ರಶ್ನೆ ಕೇಳಿದನಂತೆ. ಮರ್ರೆ ಅವರೇ ಹೇಳಿಕೊಂಡಿರೋ ವಿಚಾರ ಇದು. ನಾನು ಕಿಡ್ನಿ ಕೊಟ್ಟಮೇಲೆ ನನ್ನ ಉಳಿದ ಆಯಸ್ಸಿನ ಆರೋಗ್ಯದ ಜವಾಬ್ದಾರಿ ಆಸ್ಪತ್ರೆ ಹೊರುತ್ತಾ ಅಂತ. ಹ್ಯಾರಿಸನ್ ಮೊದಲು ಇಲ್ಲ ಅಂದರು. ಆಮೇಲೆ, ನಿನಗೆ ತೊಂದರೆ ಆದರೆ ಈ ಕೋಣೇಲಿ ಇರೋರು ಯಾರಾದರೂ ನೋಡಲ್ಲ ಅಂತಾರಾ ಅಂತ ತಿರುಗಿ ಕೇಳಿದರು. ರೊನಾಲ್ಡ್ ಒಪ್ಪಿದ.

ಗಮನಿಸಿ, ಅಲ್ಲಿ ಸಿಕ್ಕಿದ್ದು ಭರವಸೆ, ವ್ಯವಸ್ಥೆ ಅಲ್ಲ. ರಿಚರ್ಡ್ ಎಂಟು ವರ್ಷ ಬದುಕಿ 1963ರಲ್ಲಿ ತೀರಿಕೊಂಡ. ರೊನಾಲ್ಡ್ ಒಂದೇ ಕಿಡ್ನಿಯಲ್ಲಿ 79 ವರ್ಷ ಬಾಳಿ 2010ರಲ್ಲಿ ಹೋದ. ಅವನಿಗೆ ಒಳ್ಳೇದೇ ಆಯ್ತು. ಆದರೆ ಅವನ ಪ್ರಶ್ನೆ ಇವತ್ತಿಗೂ ಹಾಗೇ ನಿಂತಿದೆ.

ಪಕ್ಕೆಯ ಗಾಯದ ಕಾಲ

ನಮ್ಮ ದೇಶದಲ್ಲಿ ಬದುಕಿರೋ ದಾನಿಯಿಂದ ಮೊದಲ ಯಶಸ್ವಿ ಕಸಿ ಆಗಿದ್ದು 1971ರಲ್ಲಿ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ. ಆಗ ಕಿಡ್ನಿ ತೆಗೀತಿದ್ದ ರೀತಿ ಹೀಗೆ: ದಾನಿಯನ್ನ ಪಕ್ಕಕ್ಕೆ ಮಲಗಿಸಿ, ಪಕ್ಕೆಯ ಕೆಳಗೆ ಒಂದು ಗೇಣಿನಷ್ಟು ಸೀಳಿ, ಸ್ನಾಯುಗಳನ್ನ ಕತ್ತರಿಸಿ, ಎಷ್ಟೋ ಸಲ ಕೊನೆಯ ಪಕ್ಕೆಲುಬಿನ ತುಂಡನ್ನೂ ತೆಗೆದು ಒಳಗೆ ಹೋಗೋದು. ಉಸಿರು ತಗೊಂಡರೂ ನೋವು. ಕೆಲಸಕ್ಕೆ ಮರಳೋಕೆ ಆರೆಂಟು ವಾರ. ಕೆಲವರಿಗೆ ಆ ಪಕ್ಕ ಶಾಶ್ವತವಾಗಿ ಉಬ್ಬಿಕೊಳ್ಳೋದು, ಚರ್ಮ ಜೋಮು ಹಿಡಿಯೋದು.

1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಅನ್ನೋ ಔಷಧಿ ಬಂತು. ರಕ್ತಸಂಬಂಧ ಇಲ್ಲದವರ ಕಿಡ್ನಿಯೂ ಮೈಗೆ ಒಗ್ಗೋ ಹಾಗಾಯ್ತು. ಒಳ್ಳೇದೇ. ಆದರೆ ಸಂಬಂಧ ಇಲ್ಲದವರ ಕಿಡ್ನಿ ಆಗುತ್ತೆ ಅಂದಮೇಲೆ ಅದಕ್ಕೊಂದು ಸಂತೆಯೂ ಹುಟ್ಟಿತು. ಚೆನ್ನೈನ ವಿಲ್ಲಿವಾಕ್ಕಂ ಬಡಾವಣೆಗೆ ಜನ ‘ಕಿಡ್ನಿವಾಕ್ಕಂ’ ಅಂತಲೇ ಹೆಸರಿಟ್ಟರು. ನಮ್ಮ ಬೆಂಗಳೂರೂ ಹಿಂದೆ ಬೀಳಲಿಲ್ಲ. 1994ರಲ್ಲಿ ಸಂಸತ್ತು ಮಾನವ ಅಂಗಾಂಗ ಕಸಿ ಕಾಯ್ದೆ ಮಾಡಿ ಅಂಗ ಮಾರಾಟವನ್ನ ಅಪರಾಧ ಅಂದಿತು. ಮರುವರ್ಷವೇ, 1995ರಲ್ಲಿ, ಬೆಂಗಳೂರಿನ ಕಿಡ್ನಿ ದಂಧೆ ಪೊಲೀಸ್ ಕೇಸಾಗಿ ದೇಶಕ್ಕೆಲ್ಲ ಸುದ್ದಿಯಾಯ್ತು. ಕೆಲಸದ ಆಸೆ ತೋರಿಸಿ ಬಡವರ ಕಿಡ್ನಿ ತೆಗೆದರು ಅನ್ನೋ ಆರೋಪಗಳು ಬಂದವು.

ಹಾಗೆ ಕೊಟ್ಟವರ ಗತಿ ಏನಾಯ್ತು? ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರನ್ನ 2001ರಲ್ಲಿ ಸಂಶೋಧಕರು ಮಾತಾಡಿಸಿದರು. 2002ರಲ್ಲಿ ‘ಜಾಮಾ’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯ್ತು. ಅವರಲ್ಲಿ 96% ಜನ ಮಾರಿದ್ದು ಸಾಲ ತೀರಿಸೋಕೆ. 71% ಹೆಂಗಸರು. ಆಪರೇಷನ್ ಆದಮೇಲೆ ಆರೋಗ್ಯ ಕೆಟ್ಟಿದೆ ಅಂದವರು 86%. ಹತ್ತಿರಹತ್ತಿರ ಅರ್ಧ ಜನಕ್ಕೆ ಗಾಯದ ಜಾಗದಲ್ಲಿ ನೋವು ಹೋಗಿರಲೇ ಇಲ್ಲ. ಮನೆಯ ಆದಾಯ ಮೂರರಲ್ಲಿ ಒಂದು ಪಾಲು ಇಳಿದಿತ್ತು, ಹೆಚ್ಚಿನವರ ಸಾಲವೂ ಹಾಗೇ ಇತ್ತು. ಆಸ್ಪತ್ರೆ ಬಾಗಿಲು ದಾಟಿದಮೇಲೆ ಅವರನ್ನ ಕೇಳೋರು ಇರಲಿಲ್ಲ.

ಕೀಹೋಲ್ ಬಂತು

ಈಗ ಅಮೆರಿಕಕ್ಕೆ ವಾಪಸ್ ಹೋಗೋಣ. 1990ರ ಜೂನ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ರಾಲ್ಫ್ ಕ್ಲೇಮನ್ ಅನ್ನೋ ಸರ್ಜನ್ ಮೊದಲ ಸಲ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ನಾವೆಲ್ಲ ಕೀಹೋಲ್ ಅನ್ನೋ ವಿಧಾನದಲ್ಲಿ, ಕಿಡ್ನಿ ತೆಗೆದರು. ಅದು ಗೆಡ್ಡೆ ಬೆಳೆದಿದ್ದ ಕಿಡ್ನಿ. ಆಪರೇಷನ್ ಹತ್ತಿರಹತ್ತಿರ ಏಳು ಗಂಟೆ ನಡೀತು. ಅದನ್ನ ಹೊಟ್ಟೆಯೊಳಗೇ ಚೀಲಕ್ಕೆ ಹಾಕಿ, ನುಣ್ಣಗೆ ಮಾಡಿ ಸಣ್ಣ ತೂತಿಂದ ಎಳೆದುಕೊಂಡರು. ಬೇಡದ ಕಿಡ್ನಿ, ಹೇಗೆ ಬಂದರೂ ಪರವಾಗಿಲ್ಲ.

ದಾನದ ಕಿಡ್ನಿಗೆ ಹಾಗೆ ಮಾಡೋಕಾಗಲ್ಲ. ಅದು ಇಡಿಯಾಗಿ ಬರಬೇಕು, ಜೀವಂತ ಬರಬೇಕು. 1995ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನಲ್ಲಿ ಲಾಯ್ಡ್ ರಾಟ್ನರ್ ಮತ್ತು ಲೂಯಿ ಕವೂಸಿ ಅದನ್ನ ಮಾಡಿ ತೋರಿಸಿದರು. ಅವರ ಉದ್ದೇಶ ದಾನಿಯ ನೋವು ಕಮ್ಮಿ ಮಾಡಿ, ಕೊಡೋಕೆ ಹೆದರೋರ ಹೆದರಿಕೆ ಇಳಿಸೋದು. ಅದು ನೆರವೇರಿತು. ಬರಬರುತ್ತಾ ಅಮೆರಿಕದಲ್ಲಿ ಪಕ್ಕೆ ಸೀಳೋದೇ ಅಪರೂಪ ಆಯ್ತು. ಇವತ್ತು ಬೆಂಗಳೂರು, ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಕೀಹೋಲೇ ವಾಡಿಕೆ.

ಒಳಗೆ ನಡೆಯೋದು ಹೀಗೆ. ಪೂರ್ತಿ ಅರಿವಳಿಕೆ ಕೊಡ್ತಾರೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಬಲೂನಿನ ಹಾಗೆ ಉಬ್ಬಿಸ್ತಾರೆ. ಮೂರು ನಾಲ್ಕು ತೂತಿಂದ ಕ್ಯಾಮೆರಾ, ಉಪಕರಣ ಒಳಗೆ ಹೋಗುತ್ತವೆ. ಸಾಮಾನ್ಯವಾಗಿ ಎಡಗಡೆ ಕಿಡ್ನಿಯನ್ನೇ ಆರಿಸ್ತಾರೆ, ಯಾಕಂದರೆ ಅದರ ಅಭಿಧಮನಿ ಉದ್ದ. ದೊಡ್ಡ ಕರುಳನ್ನ ಪಕ್ಕಕ್ಕೆ ಸರಿಸಿ, ಮೂತ್ರನಾಳ ಬಿಡಿಸಿ, ರಕ್ತನಾಳ ಕತ್ತರಿಸಿ, ಕಿಡ್ನಿ ಹೊರಗೆ. ಹೊರಗೆ ಅಂದರೆ ಎಲ್ಲಿಂದ? ಕಿಡ್ನಿ ಹತ್ತು-ಹನ್ನೊಂದು ಸೆಂಟಿಮೀಟರ್ ಉದ್ದ. ತೂತಿಂದ ಬರಲ್ಲ. ಅದಕ್ಕೇ ಕೆಳಹೊಟ್ಟೆಯಲ್ಲಿ, ಸಿಸೇರಿಯನ್ ಗಾಯದ ಜಾಗದಲ್ಲಿ, ಆರೆಂಟು ಸೆಂಟಿಮೀಟರ್ ಕುಯ್ದು ಅಲ್ಲಿಂದ ತೆಗೀತಾರೆ. ಟೀ ಅಂಗಡಿ ಲೆಕ್ಕದಲ್ಲಿ ಈ ನಾಲ್ಕನೆಯ ಗಾಯ ಬಿಟ್ಟೇ ಹೋಗಿರುತ್ತೆ.

ಒಂದು ಕ್ಲಿಪ್ಪಿನ ಕಥೆ

ಈ ಚರಿತ್ರೆಯಲ್ಲಿ ನನ್ನನ್ನ ತುಂಬಾ ಕಾಡಿದ ಭಾಗ ಇದು. ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಹೃದಯ ಪಂಪ್ ಮಾಡೋ ರಕ್ತದ ಐದನೇ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗುತ್ತೆ. ಅಂದರೆ ಒಂದೊಂದು ಕಿಡ್ನಿಯ ಅಪಧಮನಿಯಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ. ಮೈಯಲ್ಲಿರೋದೇ ಐದು ಲೀಟರ್. ಕಿಡ್ನಿ ತೆಗೆದಮೇಲೆ ದಾನಿಯ ಒಳಗೆ ಉಳಿಯೋ ಆ ನಾಳದ ತುದಿಯನ್ನ ಹೇಗೆ ಮುಚ್ಚುತ್ತೀರಿ ಅನ್ನೋದರ ಮೇಲೆ ಅವರ ಪ್ರಾಣ ನಿಂತಿದೆ.

ಹಳೇ ಆಪರೇಷನ್‌ನಲ್ಲಿ ಕೈ ಒಳಗಿರುತ್ತಿತ್ತು, ದಾರದಲ್ಲಿ ಬಿಗಿಯಾಗಿ ಕಟ್ಟುತ್ತಿದ್ದರು. ಕೀಹೋಲ್‌ನಲ್ಲಿ ಕ್ಲಿಪ್ ಅಥವಾ ಸ್ಟೇಪ್ಲರ್ ಬೇಕಾಯ್ತು. ಪಾಲಿಮರ್‌ನ, ಕಟಕ್ ಅಂತ ಬೀಗ ಬೀಳೋ ಕ್ಲಿಪ್ ಸುಲಭ, ಬೆಲೆಯೂ ಕಮ್ಮಿ. ಕ್ಯಾನ್ಸರ್ ಆಪರೇಷನ್‌ಗಳಲ್ಲಿ ಚೆನ್ನಾಗೇ ಕೆಲಸ ಮಾಡ್ತಿತ್ತು. ದಾನಿಗಳಲ್ಲಿ ಮಾತ್ರ ಕೆಲವು ಸಲ ಜಾರಿತು. ಆಪರೇಷನ್ ಚೆನ್ನಾಗಿ ಆಯ್ತು ಅಂತ ವಾರ್ಡಿಗೆ ಹೋದವರು ಒಳಗೊಳಗೇ ರಕ್ತ ಸುರಿದು ಸತ್ತರು.

ದಾನಿಗಳಲ್ಲೇ ಯಾಕೆ? ಕಿಡ್ನಿ ಪಡೆಯೋರಿಗೆ ಹೊಲಿಯೋಕೆ ಉದ್ದ ನಾಳ ಬೇಕು. ಅದಕ್ಕೆ ಸರ್ಜನ್ ಕಿಡ್ನಿ ಕಡೆ ಹೆಚ್ಚು ನಾಳ ಬಿಡ್ತಾರೆ, ದಾನಿ ಕಡೆ ಉಳಿಯೋದು ಮೋಟು. ಕ್ಲಿಪ್ ಹಿಡಿದು ನಿಲ್ಲೋಕೆ ಅದರ ಆಚೆ ಒಂದಿಷ್ಟು ಅಂಚು ಇರಬೇಕು. ಅದು ಇರಲ್ಲ. ಕೆಲವೇ ಮಿಲಿಮೀಟರ್ ನಾಳ, ಅದರ ಮೇಲೆ ಇಬ್ಬರ ಹಕ್ಕು. ಗಂಡನ ಕಡೆ ಒಂದು ಮಿಲಿಮೀಟರ್ ಜಾಸ್ತಿ ಅಂದರೆ ಹೆಂಡತಿ ಕಡೆ ಒಂದು ಮಿಲಿಮೀಟರ್ ಕಮ್ಮಿ.

2006ರಲ್ಲಿ ಕ್ಲಿಪ್ ತಯಾರಿಸೋ ಕಂಪನಿಯೇ, ಕೀಹೋಲ್ ದಾನದ ಆಪರೇಷನ್‌ನಲ್ಲಿ ಅಪಧಮನಿಗೆ ಇದನ್ನ ಹಾಕಬಾರದು ಅಂತ ಹೇಳಿತು. ನಾಳದ ಗೋಡೆಯೊಳಗೇ ಹಾದು ಹಿಡಿಯೋ ಸ್ಟೇಪಲ್ ಅಥವಾ ಹೊಲಿಗೆ ವಾಸಿ ಅಂತ ಕಸಿ ಸರ್ಜನ್‌ಗಳೂ ಬರೆದರು. ಆದರೂ ಎಲ್ಲರ ಕಿವಿಗೆ ಬೀಳಲಿಲ್ಲ. ಇನ್ನೂ ಸಾವುಗಳಾದವು. 2011ರಲ್ಲಿ ಅಮೆರಿಕದ ಎಫ್‌ಡಿಎ ಮತ್ತೆ ಎಚ್ಚರಿಕೆ ಕೊಡಬೇಕಾಯ್ತು. ಗೊತ್ತಿದ್ದ ಒಂದು ಪಾಠ ಆಪರೇಷನ್ ಥಿಯೇಟರ್‌ವರೆಗೆ ತಲುಪೋಕೆ ಐದು ವರ್ಷ ಸಾಕಾಗಲಿಲ್ಲ.

ಹಾಗಂತ ಹೆದರಿಸೋಕೆ ಹೇಳ್ತಿಲ್ಲ. ಅಂಕಿ ನೋಡಿ. ಅಮೆರಿಕದಲ್ಲಿ 1993ರಿಂದ 2022ರವರೆಗೆ 1,64,593 ಜನ ಕಿಡ್ನಿ ಕೊಟ್ಟರು. ಅವರಲ್ಲಿ 90 ದಿನದೊಳಗೆ ತೀರಿಕೊಂಡವರು 36 ಜನ. ಮೊದಲೆಲ್ಲ ಹತ್ತು ಸಾವಿರಕ್ಕೆ ಮೂರರ ಹತ್ತಿರ ಇದ್ದ ಸಾವು 2013ರ ನಂತರ ಒಂದಕ್ಕಿಂತ ಕೆಳಗೆ ಬಂದಿದೆ. ಅದು ದೊಡ್ಡ ಸಾಧನೆ. ಆ 36ರಲ್ಲಿ ಹೆಚ್ಚು ಕಾಣಿಸಿದ ಕಾರಣ ಮಾತ್ರ ಅದೇ, ರಕ್ತಸ್ರಾವ.

ಪ್ರಾಣಕ್ಕೆ ಬರದ ತೊಂದರೆಗಳ ಲೆಕ್ಕ ಬೇರೆ. 2008ರಿಂದ 2012ರ ನಡುವೆ ಅಲ್ಲಿ ಕಿಡ್ನಿ ಕೊಟ್ಟ 14,964 ಜನರ ದಾಖಲೆ ನೋಡಿದಾಗ, 16.8% ಜನಕ್ಕೆ, ಅಂದರೆ ಆರರಲ್ಲಿ ಒಬ್ಬರಿಗೆ, ಒಂದಲ್ಲ ಒಂದು ತೊಡಕು ಆಗಿತ್ತು. ತೀರಾ ಗಂಭೀರವಾದದ್ದು 2.5% ಜನಕ್ಕೆ. ಕರುಳು ಕೆಲಸ ನಿಲ್ಲಿಸಿ ಹೊಟ್ಟೆ ಉಬ್ಬೋದು, ರಕ್ತಸ್ರಾವ, ಉಸಿರಾಟದ ತೊಂದರೆ ಮುಂದಿನ ಸಾಲಿನಲ್ಲಿದ್ದವು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕರುಳಿಗೆ ಗೊತ್ತಾಗದ ಹಾಗೆ ಗಾಯ ಆಗಿ ಎರಡು ಮೂರು ದಿನದ ಮೇಲೆ ಜ್ವರದ ರೂಪದಲ್ಲಿ ಬರಬಹುದು. ಕಿಡ್ನಿ ತೆಗೆದ ಆ ನಾಲ್ಕನೆಯ ಗಾಯದಲ್ಲಿ ಹರ್ನಿಯಾ ಆಗಬಹುದು. ದುಗ್ಧನಾಳ ಹರಿದು ಹೊಟ್ಟೆಯೊಳಗೆ ಹಾಲಿನಂಥ ದ್ರವ ಸೋರಬಹುದು. ಎಡ ಕಿಡ್ನಿ ಕೊಟ್ಟ ಗಂಡಸರಲ್ಲಿ ಕೆಲವರಿಗೆ ಎಡ ವೃಷಣದ ನೋವು ತಿಂಗಳುಗಟ್ಟಲೆ ಇರುತ್ತೆ. ಮೊದಲೆರಡು ದಿನ ಭುಜ ನೋಯುತ್ತೆ, ಅದು ತುಂಬಿದ ಗ್ಯಾಸಿನದು, ತಾನಾಗೇ ಹೋಗುತ್ತೆ. ಇನ್ನೊಂದು ಮಾತು: ಕೀಹೋಲ್‌ನಲ್ಲಿ ಶುರು ಮಾಡಿ ತೊಂದರೆ ಕಂಡಾಗ ಹೊಟ್ಟೆ ತೆರೆದರೆ ಅದು ಸೋಲಲ್ಲ. ದಾನಿಯ ಪ್ರಾಣ ಉಳಿಸೋ ನಿರ್ಧಾರ.

ಮೇಜಿನ ಮೇಲೆ ಮಲಗೋರು ಯಾರು?

ನಮ್ಮ ಕಾನೂನಿನಲ್ಲಿ ಹತ್ತಿರದ ಸಂಬಂಧಿಕರು ಅಂದರೆ ಗಂಡ, ಹೆಂಡತಿ, ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು. 2011ರ ತಿದ್ದುಪಡಿಯಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳು ಸೇರಿದರು. ಪಟ್ಟಿಯಲ್ಲಿ ಗಂಡಸರು, ಹೆಂಗಸರು ಸಮ. ವಾರ್ಡಿನಲ್ಲಿ ಸಮ ಇಲ್ಲ. ರಾಷ್ಟ್ರೀಯ ಕಸಿ ಸಂಸ್ಥೆ ನೋಟ್ಟೊ ಅಂಕಿಯ ಪ್ರಕಾರ 1995ರಿಂದ 2021ರವರೆಗೆ ದೇಶದಲ್ಲಿ ಆದ 36,640 ಅಂಗಾಂಗ ಕಸಿಗಳಲ್ಲಿ ಅಂಗ ಪಡೆದ ಗಂಡಸರು 29,695, ಹೆಂಗಸರು 6,945. ಬದುಕಿರುವಾಗ ಅಂಗ ಕೊಡೋರಲ್ಲಿ ಹೆಚ್ಚಿನವರು ಹೆಂಗಸರು. ಹೆಚ್ಚಾಗಿ ಹೆಂಡತಿ, ಇಲ್ಲ ತಾಯಿ.

ಈಗ ಆ ‘ಮೂರು ತೂತು’ ಮಾತನ್ನ ಇಲ್ಲಿಟ್ಟು ನೋಡಿ. ಪಕ್ಕೆ ಸೀಳಿದ ಕಾಲದಲ್ಲಿ ಗಾಯ ಕಣ್ಣಿಗೆ ಕಾಣೋದು. ಅತ್ತೆಯಾದರೂ ‘ಮಲ್ಕೊಳಮ್ಮ’ ಅನ್ನೋರು. ಈಗ ಗಾಯ ಸೀರೆ ಒಳಗೆ ಮುಚ್ಚಿಹೋಗುತ್ತೆ. ಕಸಿ ಮಾಡಿಸಿಕೊಂಡ ಗಂಡನಿಗೆ ಪ್ರತ್ಯೇಕ ಕೋಣೆ, ಮಾಸ್ಕ್, ಹೊತ್ತು ಹೊತ್ತಿಗೆ ಮಾತ್ರೆ. ಅದು ಬೇಕೇ ಬೇಕು, ತಪ್ಪಿಲ್ಲ. ಆದರೆ ಹತ್ತನೇ ದಿನಕ್ಕೆ ಅವನ ಸೇವೆಗೆ ನಿಲ್ಲೋದು ಅದೇ ಆಪರೇಷನ್ ಆಗಿರೋ ಹೆಂಡತಿ. ನಾಲ್ಕರಿಂದ ಆರು ವಾರ ಭಾರ ಎತ್ತಬೇಡಿ ಅಂತ ಡಾಕ್ಟರ್ ಹೇಳಿರ್ತಾರೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು ಮೂವತ್ತು ಕೆಜಿ. ಒಂದು ಬಿಂದಿಗೆ ನೀರು ಹತ್ತು ಹದಿನೈದು ಕೆಜಿ. ಮೂರು ವರ್ಷದ ಮಗು ಹದಿಮೂರು ಕೆಜಿ. ಇವನ್ನ ಯಾರೂ ‘ಭಾರ’ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಹರ್ನಿಯಾ ಹಿಡಿಯುತ್ತೆ.

2023ರಲ್ಲಿ ಕೇಂದ್ರ ಸರ್ಕಾರ ಅಂಗದಾನ ಮಾಡೋ ತನ್ನ ನೌಕರರಿಗೆ 42 ದಿನದವರೆಗೆ ವಿಶೇಷ ರಜೆ ಕೊಟ್ಟಿತು. ಯಾವ ವಿಧಾನದ ಆಪರೇಷನ್ ಆದರೂ ಅಷ್ಟೇ ರಜೆ. ಕೀಹೋಲ್ ಅಂತ ಕಮ್ಮಿ ಮಾಡಲಿಲ್ಲ. ಮನೆಕೆಲಸಕ್ಕೆ, ಗಾರ್ಮೆಂಟ್ಸ್‌ಗೆ, ಕಾಂಟ್ರಾಕ್ಟ್ ಕೆಲಸಕ್ಕೆ ಹೋಗೋರಿಗೆ ಅಂಥ ಆದೇಶ ಇಲ್ಲ. ಆದರೆ ಆ 42 ಅನ್ನೋ ಸಂಖ್ಯೆ ನಿಮ್ಮ ಮನೆಯಲ್ಲಿ ನೀವೇ ಜಾರಿ ಮಾಡಬಹುದು.

ಆಸ್ಪತ್ರೆ ಬಾಗಿಲು ದಾಟಿದಮೇಲೆ

ಅಮೆರಿಕದಲ್ಲಿ ಕಸಿ ಕೇಂದ್ರಗಳು ದಾನಿಯ ವರದಿಯನ್ನ ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ಕೊಡಲೇಬೇಕು ಅನ್ನೋ ನಿಯಮ ಇದೆ. ನಾನು ಮೇಲೆ ಹೇಳಿದ ಅಮೆರಿಕದ ಅಂಕಿಗಳು ಲೆಕ್ಕ ಇಟ್ಟಿದ್ದಕ್ಕೇ ಸಿಕ್ಕಿದ್ದು. ನಮ್ಮಲ್ಲಿ ಆ ಲೆಕ್ಕವನ್ನ ಮನೆಯವರೇ ಇಡಬೇಕು. ಕೇಳ್ತಿರೋರಲ್ಲಿ ಯಾರದ್ದಾದರೂ ಅಮ್ಮ, ಅಕ್ಕ, ಅತ್ತಿಗೆ ಕಿಡ್ನಿ ಕೊಡೋರಿದ್ದರೆ, ಕೊಟ್ಟಿದ್ದರೆ, ಇದನ್ನ ಫೋನಿನಲ್ಲಿ ಬರೆದಿಟ್ಕೊಳ್ಳಿ.

ಆಪರೇಷನ್‌ಗೆ ಮುಂಚೆ ಕೇಳಿ: ಅಪಧಮನಿಯನ್ನ ಯಾವುದರಿಂದ ಮುಚ್ಚುತ್ತೀರಿ? ಈ ತಂಡ ಎಷ್ಟು ದಾನಿಗಳಿಗೆ ಮಾಡಿದೆ? ಡಿಸ್ಚಾರ್ಜ್ ಆದಮೇಲೆ ರಾತ್ರಿ ಹೊತ್ತಲ್ಲಿ ತೊಂದರೆ ಆದರೆ ಯಾರಿಗೆ ಫೋನ್ ಮಾಡಬೇಕು? ಕೇಳೋದು ಅವಮಾನ ಅಲ್ಲ. ಒಳ್ಳೆ ಸರ್ಜನ್ ಖುಷಿಯಿಂದ ಉತ್ತರ ಹೇಳ್ತಾರೆ.

ಮನೆಗೆ ಬಂದಮೇಲೆ ಜ್ವರ, ಎದೆ ಡವಡವ, ತಲೆಸುತ್ತು, ಹೊಟ್ಟೆ ಬಿಗಿದು ಉಬ್ಬೋದು, ವಾಂತಿ ನಿಲ್ಲದಿರೋದು, ಉಸಿರು ಕಟ್ಟೋದು, ಒಂದೇ ಕಾಲು ಊದಿ ನೋಯೋದು, ಮೂತ್ರ ಕಮ್ಮಿಯಾಗೋದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ನೋವಿಗೆ ಮೆಡಿಕಲ್ ಶಾಪಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಿಸಬೇಡಿ. ಒಂದೇ ಕಿಡ್ನಿ ಇರೋರಿಗೆ ಅವು ಒಳ್ಳೇದಲ್ಲ.

ವರ್ಷಕ್ಕೊಮ್ಮೆ ಬಿಪಿ, ಕ್ರಿಯೇಟಿನಿನ್, ಮೂತ್ರದಲ್ಲಿ ಪ್ರೊಟೀನ್ ಪರೀಕ್ಷೆ. ಉಳಿದ ಕಿಡ್ನಿ ದೊಡ್ಡದಾಗಿ, ಎರಡು ಸೇರಿ ಮಾಡ್ತಿದ್ದ ಕೆಲಸದ 70% ಹತ್ತಿರ ಒಂದೇ ಮಾಡುತ್ತೆ. ಹೆಚ್ಚಿನವರು ಚೆನ್ನಾಗೇ ಬದುಕ್ತಾರೆ. 2014ರ ಅಮೆರಿಕದ ಅಧ್ಯಯನದ ಅಂದಾಜಿನಂತೆ ಜೀವಮಾನದಲ್ಲಿ ಕಿಡ್ನಿ ವೈಫಲ್ಯ ಆಗೋ ಸಾಧ್ಯತೆ ದಾನಿಗಳಲ್ಲಿ ಹತ್ತು ಸಾವಿರಕ್ಕೆ 90, ಅಷ್ಟೇ ಆರೋಗ್ಯವಂತರಾಗಿದ್ದು ಕೊಡದವರಲ್ಲಿ 14. ಚಿಕ್ಕ ಸಂಖ್ಯೆ, ಆದರೆ ಸೊನ್ನೆ ಅಲ್ಲ. ಮುಂದೆ ಮಕ್ಕಳು ಬೇಕು ಅನ್ನೋ ಹುಡುಗಿಯರಿಗೆ ಇನ್ನೊಂದು: 2015ರ ಕೆನಡಾದ ಅಧ್ಯಯನದಲ್ಲಿ ಬಸಿರಿನ ಬಿಪಿ ತೊಂದರೆ ದಾನಿಗಳಲ್ಲಿ 11%, ಉಳಿದವರಲ್ಲಿ 5%. ಈ ಮಾತನ್ನ ಆಪರೇಷನ್‌ಗೆ ಮುಂಚೆಯೇ ಡಾಕ್ಟರ್ ಹತ್ತಿರ ಆಡಿ.

ಮತ್ತೆ, ಮನೆಯವರ ಕಿಡ್ನಿಯೊಂದೇ ದಾರಿ ಅಲ್ಲ. ಮೆದುಳು ನಿಷ್ಕ್ರಿಯರಾದವರಿಂದ ಸಿಗೋ ಅಂಗಗಳಿಗೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯ ಕಾಯುವ ಪಟ್ಟಿ ಇದೆ, ಆಸ್ಪತ್ರೆಯ ಮೂಲಕ ಹೆಸರು ಬರೆಸಬಹುದು. ಆ ಕಡೆಯಿಂದ ಹೆಚ್ಚು ಕಿಡ್ನಿ ಬಂದಷ್ಟೂ ಆರೋಗ್ಯವಾಗಿರೋ ಒಬ್ಬ ಅಮ್ಮನನ್ನ ಮೇಜಿನ ಮೇಲೆ ಮಲಗಿಸೋದು ತಪ್ಪುತ್ತೆ.

ರೊನಾಲ್ಡ್ ಕೇಳಿದ್ದು ಆಸ್ಪತ್ರೆಯನ್ನ. ನಮ್ಮ ಬೀದಿಯಲ್ಲಿ ಕೊಡೋ ಹೆಂಗಸು ಯಾರನ್ನೂ ಕೇಳಲ್ಲ, ‘ಅವರು ಉಳಿದರೆ ಸಾಕು’ ಅಂತಾರೆ. ಹಾಗಾಗಿ ಅವರ ಪರವಾಗಿ ಆ ಪ್ರಶ್ನೆ ಕೇಳಬೇಕಾದವರು ಮಕ್ಕಳು, ಅಂದರೆ ನೀವು. ಡಿಸ್ಚಾರ್ಜ್ ದಿನ ಅಪ್ಪನ ಫೈಲ್ ಜೊತೆ ಅಮ್ಮನ ಫೈಲನ್ನೂ ಕೇಳಿ ಇಸ್ಕೊಳ್ಳಿ. ಮುಂದಿನ ಚೆಕಪ್ ತಾರೀಖು ಅದರಲ್ಲಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಬರೆಸ್ಕೊಂಡೇ ಬನ್ನಿ.

ಈ ಸಂಚಿಕೆ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಿ. ನಿಮ್ಮಲ್ಲಿ ಯಾರಾದರೂ ಕಿಡ್ನಿ ಕೊಟ್ಟವರಿದ್ದರೆ, ಕೊಟ್ಟ ಮೇಲಿನ ವರ್ಷಗಳು ಹೇಗಿವೆ ಅಂತ ನಮಗೊಂದು ವಾಯ್ಸ್ ನೋಟ್ ಕಳಿಸಿ, ಕೇಳ್ತೀವಿ.